ಬಸದಿಯ ಬಾಗಿಲಿಗೆ ಖಡ್ಗವೇಕೆ?

ಕರಾವಳಿಯ ಒಂದು ಬಸದಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಮಹಾದ್ವಾರವನ್ನು ಕಟ್ಟಿಸುವ ವಿಚಾರವಾಗಿ ನಡೆದ ಸಭೆಯಲ್ಲಿ ಕುಳಿತಿರುವ ಪ್ರಸಂಗ ನನಗೆ ಒದಗಿತ್ತು. ಊರಿನ ಹೆಸರು ಇಲ್ಲಿ ಅನಾವಶ್ಯಕ. ಮೊಕ್ತೇಸರರು ತರಿಸಿದ್ದ ನಕ್ಷೆಯಲ್ಲಿ ದ್ವಾರದ ಒಂದು ಪಾರ್ಶ್ವಕ್ಕೆ ಕುದುರೆಯೇರಿ, ಒರೆಯಿಂದ ಹಿರಿದ ಖಡ್ಗವನ್ನು ಮೇಲೆತ್ತಿದ ಸಾಮ್ರಾಟ ಚಂದ್ರಗುಪ್ತ ಮೌರ್ಯನ ಮೂರ್ತಿಯಿತ್ತು. ಅದರ ಕೆಳಗೆ ‘ಜೈನ ಚಕ್ರವರ್ತಿ’ ಎಂಬ ಬರಹ. ಇನ್ನೊಂದು ಪಾರ್ಶ್ವವು ದಾನಿಗಳ ನಾಮಫಲಕಕ್ಕೆ ಮೀಸಲಾಗಿತ್ತು. “ನಾವು ಹೇಡಿಗಳ ಸಂತಾನವಲ್ಲವೆಂಬುದು ದಾರಿಹೋಕರಿಗೂ ತಿಳಿಯಲಿ” ಎಂದು ಹಿರಿಯರೊಬ್ಬರು ನುಡಿದಾಗ ಸಭೆ ಚಪ್ಪಾಳೆ ತಟ್ಟಿತು. ನಾನು ಸುಮ್ಮನೆ ಎದ್ದು ಬಂದೆ. ಅಂದು ಬಾಯಿ ತೆರೆಯದೆ ಬಂದದ್ದು ನನ್ನ ತಪ್ಪು. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ಲೇಖನ.

ಆ ಚಪ್ಪಾಳೆಯ ಹಿಂದೆ ಒಂದು ನೋವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಅಹಿಂಸೆಯ ಬೋಧನೆಯಿಂದ ಭಾರತ ನಿರ್ವೀರ್ಯವಾಯಿತು, ಈ ನಾಡಿನ ಕ್ಷಾತ್ರತೇಜವನ್ನು ಜೈನರೂ ಬೌದ್ಧರೂ ಸೇರಿ ಆರಿಸಿದರು ಎಂಬ ಆಕ್ಷೇಪ ಬಹುಕಾಲದಿಂದ ಕೇಳಿಬರುತ್ತಿದೆ. ಮಣಿಪಾಲದ ಕಾಲೇಜುಗಳಲ್ಲಿ ಓದುವ ನಮ್ಮ ಮಕ್ಕಳು ರಜೆಗೆ ಮನೆಗೆ ಬಂದಾಗ ಇದೇ ಪ್ರಶ್ನೆಯನ್ನು ಹೊತ್ತು ತರುತ್ತಾರೆ. ನಮ್ಮ ಸಿದ್ಧ ಉತ್ತರವೂ ಅಷ್ಟೇ ಹಳೆಯದು: ಚಂದ್ರಗುಪ್ತ ಜೈನ, ಖಾರವೇಲ ಜೈನ, ಗಂಗರ ಮಾರಸಿಂಹ ಜೈನ, ಚಾವುಂಡರಾಯ ಜೈನ, ಹೊಯ್ಸಳರ ದಂಡನಾಯಕ ಗಂಗರಾಜ ಜೈನ. ಜೈನರು ಯುದ್ಧವನ್ನೇ ಅರಿಯದವರೆಂಬ ಮಾತಿಗೆ ಚರಿತ್ರೆಯ ಮಟ್ಟಿಗೆ ಈ ಉತ್ತರ ಸಾಕು. ಆದರೆ ಉತ್ತರ ಕೊಡುವ ಭರದಲ್ಲಿ ನಾವು ಎದುರಾಳಿಯ ಅಳತೆಗೋಲನ್ನೇ ಕೈಗೆತ್ತಿಕೊಂಡೆವು. ಎಷ್ಟು ಜನರನ್ನು ಗೆದ್ದರೆಂಬುದರಿಂದಲೇ ಮನುಷ್ಯನ ಹಿರಿಮೆಯನ್ನು ಅಳೆಯಬೇಕೆಂದು ಆಕ್ಷೇಪಿಸುವವನು ಹೇಳಿದ. ನಾವು ಹೌದೆಂದು ತಲೆಯಾಡಿಸಿ ನಮ್ಮ ಪಟ್ಟಿಯನ್ನು ಮುಂದಿಟ್ಟೆವು. ವಾದದಲ್ಲಿ ಗೆದ್ದರೂ ಧರ್ಮದಲ್ಲಿ ಸೋತೆವು.

ಚಂದ್ರಗುಪ್ತನ ಜೀವನವನ್ನೇ ತೆಗೆದುಕೊಂಡು ಇದನ್ನು ಪರಿಶೀಲಿಸೋಣ.

ಸಿಂಹಾಸನದ ಮೇಲಿನ ಚಂದ್ರಗುಪ್ತ

ಕ್ರಿ.ಪೂ. 321ರ ಸುಮಾರಿಗೆ ಮಗಧದ ನಂದರನ್ನು ಕಿತ್ತೊಗೆದು ಪಾಟಲೀಪುತ್ರದಲ್ಲಿ ಪಟ್ಟವೇರಿದ ಈ ವೀರನ ಸಾಹಸ ಅಸಾಧಾರಣವಾದದ್ದು. ಅಲೆಕ್ಸಾಂಡರನು ಹಿಂದಿರುಗಿದ ಮೇಲೆ ವಾಯವ್ಯ ಭಾರತದಲ್ಲಿ ಉಳಿದಿದ್ದ ಗ್ರೀಕ್ ಅಧಿಕಾರ ಇವನಿಂದ ಅಳಿಯಿತು. ಕ್ರಿ.ಪೂ. 305ರ ಸುಮಾರಿಗೆ ದಂಡೆತ್ತಿ ಬಂದ ಸೆಲ್ಯೂಕಸ್ ನಿಕೇಟರನು ಕೊನೆಗೆ ಒಪ್ಪಂದ ಮಾಡಿಕೊಂಡು ಕಾಬೂಲ್, ಕಂದಹಾರ್ ಸೀಮೆಗಳನ್ನು ಬಿಟ್ಟುಕೊಟ್ಟು, ಪ್ರತಿಯಾಗಿ 500 ಆನೆಗಳನ್ನು ಪಡೆದು ಮರಳಿದನು. ಆರು ಲಕ್ಷ ಸೈನ್ಯದೊಡನೆ ಇವನು ಭಾರತವನ್ನೆಲ್ಲ ತುಳಿದು ಅಧೀನಪಡಿಸಿಕೊಂಡನೆಂದು ಗ್ರೀಕ್ ಲೇಖಕ ಪ್ಲುಟಾರ್ಕನು ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿದ್ದೀತು, ಇಷ್ಟು ವಿಸ್ತಾರವಾದ ಸಾಮ್ರಾಜ್ಯವನ್ನು ಈ ನೆಲದಲ್ಲಿ ಅದಕ್ಕೆ ಮುಂಚೆ ಯಾರೂ ಕಟ್ಟಿರಲಿಲ್ಲವೆಂಬುದು ಮಾತ್ರ ನಿಶ್ಚಿತ.

ಮಹಾದ್ವಾರದ ನಕ್ಷೆಯಲ್ಲಿ ಈ ಭಾಗವಷ್ಟೇ ಇದೆ. ಆದರೆ ಅದೇ ಪಾಶ್ಚಾತ್ಯ ಲೇಖಕರು ಬರೆದ ಇನ್ನೆರಡು ಸಂಗತಿಗಳನ್ನು ನಮ್ಮ ಭಾಷಣಕಾರರು ಎಂದೂ ಎತ್ತುವುದಿಲ್ಲ. ಜನರನ್ನು ಪರಕೀಯರ ದಾಸ್ಯದಿಂದ ಬಿಡಿಸಿದ ಚಂದ್ರಗುಪ್ತನು, ಗೆದ್ದ ಮೇಲೆ ಅದೇ ಜನರನ್ನು ತಾನೇ ದಾಸ್ಯಕ್ಕೆ ಗುರಿಪಡಿಸಿ, ವಿಮೋಚಕನೆಂಬ ಹೆಸರನ್ನು ಕಳೆದುಕೊಂಡನೆಂದು ರೋಮನ್ ಲೇಖಕ ಜಸ್ಟಿನನು ಹೇಳುತ್ತಾನೆ. ದೂರದಲ್ಲಿ ಕುಳಿತು, ಎಷ್ಟೋ ಕಾಲದ ಮೇಲೆ ಬರೆದ ಮಾತಿದು. ಹಾಗೆಂದು ಅದನ್ನು ತಳ್ಳಿಹಾಕುವುದಾದರೆ, ಅದೇ ದೂರದಿಂದ ಬಂದ ಆರು ಲಕ್ಷ ಸೈನ್ಯದ ಮಾತನ್ನೂ ತಳ್ಳಿಹಾಕಬೇಕಾಗುತ್ತದೆ. ನಮಗೆ ಬೇಕಾದ ಸಾಕ್ಷ್ಯವನ್ನು ಹೆಕ್ಕಿಕೊಂಡು ಬೇಡದ್ದನ್ನು ಬಚ್ಚಿಡುವುದು ಸತ್ಯಾಣುವ್ರತವನ್ನು ತೆಗೆದುಕೊಂಡವರಿಗೆ ಸಲ್ಲದು.

ಎರಡನೆಯ ಸಂಗತಿ ಇನ್ನೂ ಮಾರ್ಮಿಕವಾದದ್ದು. ಸೆಲ್ಯೂಕಸನ ರಾಯಭಾರಿಯಾಗಿ ಪಾಟಲೀಪುತ್ರಕ್ಕೆ ಬಂದಿದ್ದ ಮೆಗಸ್ತನೀಸನ ವರದಿಯ ಆಧಾರದಿಂದ ಸ್ಟ್ರಾಬೋ ಬರೆದಿಟ್ಟಿದ್ದಾನೆ: ಆ ದೇಶದ ಅರಸನು ಹಗಲಿನಲ್ಲಿ ನಿದ್ರಿಸುವುದಿಲ್ಲ, ರಾತ್ರಿಯಲ್ಲಿಯೂ ಒಳಸಂಚಿನ ಭಯದಿಂದ ಆಗಾಗ ಹಾಸಿಗೆಯನ್ನು ಬದಲಿಸುತ್ತಾನೆ, ಬೇಟೆಗೆ ಹೊರಟರೆ ಆಯುಧಪಾಣಿಗಳಾದ ಸ್ತ್ರೀಯರು ಅವನನ್ನು ಸುತ್ತುವರಿದಿರುತ್ತಾರೆ. ಭರತಖಂಡದ ಬಹುಭಾಗದ ಒಡೆಯನಿಗೆ ತನ್ನದೆಂದು ನಂಬಿ ಮಲಗುವುದಕ್ಕೆ ಒಂದು ಹಾಸಿಗೆ ಇರಲಿಲ್ಲ. ಲಕ್ಷಗಟ್ಟಲೆ ಜನರಲ್ಲಿ ಭಯವನ್ನು ಬಿತ್ತಿದವನ ಮನೆಯೊಳಗೇ ಆ ಬೆಳೆ ಬಂತು. ಈ ಚಿತ್ರವನ್ನು ನಮ್ಮ ಮಕ್ಕಳಿಗೆ ತೋರಿಸಿ ‘ಇವನಂತಾಗು’ ಎಂದು ಹೇಳೋಣವೇ?

ದಿಗ್ವಿಜಯವೂ ದಿಗ್ವ್ರತವೂ

“ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯ, ರಾಜನಿಗೆ ಯುದ್ಧ ಕರ್ತವ್ಯ” ಎಂದು ಆ ಸಭೆಯಲ್ಲಿ ಒಬ್ಬರು ಶಾಸ್ತ್ರವನ್ನೇ ಮುಂದಿಟ್ಟರು. ಮಾತು ಸರಿಯಾದದ್ದೇ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಶ್ರಾವಕನು ಪೂರ್ತಿಯಾಗಿ ಬಿಡಬೇಕೆಂದೂ, ಉಳಿದ ಮೂರು ಸಂಸಾರದಲ್ಲಿರುವವರೆಗೆ ತಪ್ಪದವೆಂದೂ ನಮ್ಮವರು ವಿವರಿಸುತ್ತಾರೆ. ಮೇಲೆ ಬಿದ್ದವನಿಂದ ಮನೆಯನ್ನೂ ನಾಡನ್ನೂ ಕಾಯುವುದು ವಿರೋಧೀ ಹಿಂಸೆ. ಆದರೆ ಎರಡು ವಿಷಯಗಳನ್ನು ಇಲ್ಲಿ ಮರೆಯಬಾರದು.

ಮೊದಲನೆಯದು: ತಪ್ಪಿಸಲಾಗದ ಹಿಂಸೆಯೂ ಹಿಂಸೆಯೇ. ಅಡುಗೆಯ ಒಲೆಯಲ್ಲಿ, ಗದ್ದೆಯ ಉಳುಮೆಯಲ್ಲಿ ಆಗುವ ಜೀವಹಾನಿಗೆ ನಾವು ಪ್ರತಿಕ್ರಮಣದಲ್ಲಿ ಕ್ಷಮೆ ಬೇಡುತ್ತೇವೆಯೇ ಹೊರತು ಒಲೆಯ ಚಿತ್ರವನ್ನು ಬಸದಿಯ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಕ್ಷಮೆ ಬೇಡಬೇಕಾದ ಕಾರ್ಯವು ಪ್ರದರ್ಶನದ ವಸ್ತುವಾಗುವುದು ಹೇಗೆ?

ಎರಡನೆಯದು: ಸಾಮ್ರಾಜ್ಯ ಕಟ್ಟುವ ದಂಡಯಾತ್ರೆ ವಿರೋಧೀ ಹಿಂಸೆಯೊಳಗೆ ಸೇರುವುದೇ ಇಲ್ಲ. ಸೆಲ್ಯೂಕಸನನ್ನು ತಡೆದದ್ದು ರಕ್ಷಣೆಯೆಂದು ಇಟ್ಟುಕೊಳ್ಳೋಣ. ನೆರೆಯ ಜನಪದಗಳನ್ನೆಲ್ಲ ಅಡಗಿಸಿದ್ದು ಯಾರಿಂದ ರಕ್ಷಣೆ? ಶ್ರಾವಕನ ಗುಣವ್ರತಗಳಲ್ಲಿ ಮೊದಲನೆಯದು ದಿಗ್ವ್ರತ. ಪೂರ್ವಕ್ಕೆ ಇಷ್ಟು ದೂರ, ಪಶ್ಚಿಮಕ್ಕೆ ಇಷ್ಟು ದೂರ, ಇದರಾಚೆಗೆ ಕಾಲಿಡೆನೆಂದು ಗಡಿ ಹಾಕಿಕೊಳ್ಳುವುದು ಅದರ ಲಕ್ಷಣ. ಆ ಗಡಿಯ ಹೊರಗಿರುವ ಸಕಲ ಜೀವಿಗಳಿಗೆ ತನ್ನಿಂದ ಅಭಯವೆಂಬುದು ಅದರ ಫಲ. ದಿಗ್ವಿಜಯವು ಇದಕ್ಕೆ ನೇರ ವಿರುದ್ಧವಾದದ್ದು. ಯಾವ ದಿಕ್ಕಿಗೂ ಗಡಿಯಿಲ್ಲ, ಯಾರಿಗೂ ಅಭಯವಿಲ್ಲ. ಒಂದೇ ಬಸದಿಯೊಳಗೆ ದಿಗ್ವ್ರತವನ್ನು ಬೋಧಿಸಿ, ಅದರ ಬಾಗಿಲಲ್ಲಿ ದಿಗ್ವಿಜಯವನ್ನು ನಿಲ್ಲಿಸಿದರೆ ನೋಡುವವರು ಯಾವುದನ್ನು ನಂಬಬೇಕು?

ಕಟವಪ್ರದ ಚಂದ್ರಗುಪ್ತ

ಚಂದ್ರಗುಪ್ತನು ನಮ್ಮವನಾಗುವುದು ಅವನ ರಾಜ್ಯಭಾರ ಮುಗಿದ ಮೇಲೆ. ಸುಮಾರು 24 ವರ್ಷ ಆಳಿದ ಬಳಿಕ ಅವನು ಪಟ್ಟವನ್ನು ಮಗನಿಗೆ ಒಪ್ಪಿಸಿ, ಶ್ರುತಕೇವಲಿ ಭದ್ರಬಾಹುಗಳ ಶಿಷ್ಯನಾಗಿ, ಹನ್ನೆರಡು ವರ್ಷದ ಕ್ಷಾಮವನ್ನು ಮುಂಗಂಡ ಸಂಘದೊಡನೆ ದಕ್ಷಿಣಕ್ಕೆ ಬಂದು, ಶ್ರವಣಬೆಳಗೊಳದ ಕಟವಪ್ರ ಗಿರಿಯಲ್ಲಿ ಗುರುಸೇವೆ ಮಾಡಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನೆಂಬುದು ದಿಗಂಬರ ಪರಂಪರೆ. ಇಂದು ಆ ಬೆಟ್ಟಕ್ಕೆ ಚಂದ್ರಗಿರಿ ಎಂದೇ ಹೆಸರು.

ಇಲ್ಲಿಯೂ ನಾವು ಪ್ರಾಮಾಣಿಕರಾಗಿರಬೇಕು. ಬೆಟ್ಟದ ಅತ್ಯಂತ ಪ್ರಾಚೀನ ಶಾಸನ ಕ್ರಿ.ಶ. 600ರ ಸುಮಾರಿನದು, ಅಂದರೆ ಚಂದ್ರಗುಪ್ತನಿಂದ ಒಂಬೈನೂರು ವರ್ಷಗಳ ಈಚಿನದು. ಅದರಲ್ಲಿ ಭದ್ರಬಾಹುಗಳು ಉಜ್ಜಯಿನಿಯಲ್ಲಿ ನುಡಿದ ಕ್ಷಾಮದ ಭವಿಷ್ಯವಿದೆ, ಸಂಘದ ದಕ್ಷಿಣಯಾತ್ರೆಯಿದೆ, ಕಟವಪ್ರದಲ್ಲಿ ಸಮಾಧಿ ಪಡೆದ ಪ್ರಭಾಚಂದ್ರರ ಹೆಸರಿದೆ, ಚಂದ್ರಗುಪ್ತನ ಹೆಸರಿಲ್ಲ. ಭದ್ರಬಾಹು ಮತ್ತು ಚಂದ್ರಗುಪ್ತ ಮುನಿಗಳ ಜೋಡಿಯನ್ನು ಹೆಸರಿಸುವ ಶಾಸನ ಸುಮಾರು ಅರ್ಧ ಶತಮಾನದಷ್ಟು ಈಚಿನದು. ಕ್ರಿ.ಶ. 931ರಲ್ಲಿ ಬೃಹತ್ಕಥಾಕೋಶವನ್ನು ರಚಿಸಿದ ಹರಿಷೇಣರ ಪ್ರಕಾರ ಭದ್ರಬಾಹುಗಳು ಉತ್ತರದಲ್ಲಿಯೇ ಸಮಾಧಿಸ್ಥರಾದರು; ಚಂದ್ರಗುಪ್ತನು ವಿಶಾಖಾಚಾರ್ಯನೆಂಬ ಹೆಸರಿನಿಂದ ಸಂಘವನ್ನು ಪುನ್ನಾಟಕ್ಕೆ ಕರೆತಂದನು. ನಮ್ಮ ಗಣನೆಯಂತೆ ಭದ್ರಬಾಹುಗಳ ಕಾಲ ವೀರನಿರ್ವಾಣದ 162ನೆಯ ವರ್ಷಕ್ಕೆ, ಅಂದರೆ ಕ್ರಿ.ಪೂ. 365ಕ್ಕೆ ಮುಗಿಯುತ್ತದೆ, ಚಂದ್ರಗುಪ್ತನ ಪಟ್ಟಾಭಿಷೇಕ ಅದರಿಂದ ನಾಲ್ಕು ದಶಕಗಳಾಚೆಗಿದೆ. ಈ ಕಾಲವ್ಯತ್ಯಾಸ ಸುಲಭವಾಗಿ ಬಗೆಹರಿಯುವಂಥದಲ್ಲ. ಲೂಯಿ ರೈಸರು ಪರಂಪರೆಯನ್ನು ಒಪ್ಪಿದರು, ಫ್ಲೀಟರು ಅಲ್ಲಗಳೆದರು, ಆರ್. ನರಸಿಂಹಾಚಾರ್ಯರು ಶಾಸನಗಳನ್ನೆಲ್ಲ ಮರುಪರಿಶೀಲಿಸಿ ಪರಂಪರೆಯ ಪಕ್ಷದಲ್ಲಿ ನಿಂತರು. ವಿನ್ಸೆಂಟ್ ಸ್ಮಿತ್ತರು ಮೊದಲು ಸಂದೇಹಿಸಿ ಆಮೇಲೆ ಒಪ್ಪುವತ್ತ ಒಲಿದರು.

ಇದನ್ನೆಲ್ಲ ಹೇಳಿದರೆ ಶ್ರದ್ಧೆಗೆ ಭಂಗವೇ? ನನಗೆ ಹಾಗೆನಿಸುವುದಿಲ್ಲ. ಇಲ್ಲದ ನಿಶ್ಚಯವನ್ನು ಕಲ್ಲಿನಲ್ಲಿ ಕೆತ್ತಿಸುವುದರಿಂದಲೇ ಭಂಗ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಸುಳ್ಳು ಲೆಕ್ಕಪತ್ರಕ್ಕೆ ಮಾತ್ರವಲ್ಲದೆ ಸುಳ್ಳು ಶಿಲಾಲೇಖಕ್ಕೂ ಅದು ಅನ್ವಯಿಸುತ್ತದೆ. ‘ಪರಂಪರೆ ಹೀಗೆ ಹೇಳುತ್ತದೆ’ ಎಂದು ಬರೆದರೆ ನಮ್ಮ ಗೌರವಕ್ಕೆ ಕುಂದಿಲ್ಲ.

ಈಗ ಆ ಪರಂಪರೆ ಏನನ್ನು ಉಳಿಸಿಕೊಂಡಿತೆಂಬುದನ್ನು ಗಮನಿಸಬೇಕು. ಯತಿವೃಷಭರ ತಿಲೋಯಪಣ್ಣತ್ತಿಯಲ್ಲಿ ಚಂದ್ರಗುಪ್ತನ ಹೆಸರು ಬರುವುದು ಗೆದ್ದ ರಾಜ್ಯಗಳ ಲೆಕ್ಕದಲ್ಲಿ ಅಲ್ಲ. ಜಿನದೀಕ್ಷೆಯನ್ನು ಧರಿಸಿದ ಮುಕುಟಧರರಲ್ಲಿ ಕೊನೆಯವನೆಂದು. ಚಂದ್ರಗಿರಿಯ ಚಂದ್ರಗುಪ್ತ ಬಸದಿಯಲ್ಲಿ ದಾಸೋಜನೆಂಬ ಶಿಲ್ಪಿ 12ನೆಯ ಶತಮಾನದಲ್ಲಿ ಕಡೆದ ಜಾಲಂಧ್ರದ ಕಲ್ಲುಗಳಲ್ಲಿ ಗುರುಶಿಷ್ಯರ ಕಥೆ ಚಿಕ್ಕ ಚಿಕ್ಕ ಚೌಕಗಳಲ್ಲಿ ಮೂಡಿದೆ. ಬೆಟ್ಟದ ಮೇಲೆ ಯಾತ್ರಿಕರು ತಲೆಬಾಗುವುದು ಗುರುವಿನ ಪಾದಮುದ್ರೆಗೆ. ಸಾವಿರಾರು ವರ್ಷಗಳಿಂದ ನಮ್ಮ ಹಿರಿಯರು ಈ ಸಾಮ್ರಾಟನನ್ನು ನೆನೆದದ್ದು ಹೀಗೆ. ಅವರಿಗೆ ಕುದುರೆ ಕೆತ್ತಲು ಬರುತ್ತಿರಲಿಲ್ಲವೆಂದು ಯಾರೂ ಹೇಳಲಾರರು.

ರಾತ್ರಿ ಹಾಸಿಗೆ ಬದಲಿಸುತ್ತಿದ್ದ ಅರಸನು ಇಲ್ಲಿ ಬಾಗಿಲಿಲ್ಲದ ಬಂಡೆಯ ಮೇಲೆ, ಕಾವಲಿಲ್ಲದೆ, ಬಟ್ಟೆಯೂ ಇಲ್ಲದೆ ಮಲಗಿದನು. ಅವನಿಂದ ಯಾರಿಗೂ ಭಯವಿರಲಿಲ್ಲ. ಆದುದರಿಂದ ಅವನಿಗೂ ಯಾರ ಭಯವಿರಲಿಲ್ಲ. ಜೈನರು ಹೇಡಿಗಳೇ ಎಂದು ಕೇಳುವ ಯುವಕನಿಗೆ ಕೊಡಬೇಕಾದ ಉತ್ತರ ಈ ಎರಡನೆಯ ನಿದ್ರೆಯಲ್ಲಿದೆ. ಆರು ಲಕ್ಷ ಸೈನ್ಯ ತಂದುಕೊಡದ ಧೈರ್ಯವನ್ನು ಆ ಬೆಟ್ಟದ ಕಲ್ಲು ತಂದುಕೊಟ್ಟಿತು.

ಹೆಸರು ಬರೆಯಲು ಹೋದ ಚಕ್ರವರ್ತಿ

ಆದಿಪುರಾಣದ ಭರತೇಶನ ಪ್ರಸಂಗ ಸರ್ವವಿದಿತ. ಷಟ್ಖಂಡಗಳನ್ನು ಗೆದ್ದ ಚಕ್ರವರ್ತಿ ತನ್ನ ಕೀರ್ತಿಯನ್ನು ಕೆತ್ತಿಸಲೆಂದು ವೃಷಭಾಚಲಕ್ಕೆ ಹೋಗುತ್ತಾನೆ. ನೋಡಿದರೆ ಆ ಶಿಲೆಯ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳು. ಒಂದು ಬೆರಳಗಲದ ಜಾಗವೂ ಇಲ್ಲ. ಗರ್ವ ಕುಗ್ಗಿದ ಭರತನು ಬೇರೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಸಬೇಕಾಗುತ್ತದೆ. ಯುದ್ಧದ ಕೀರ್ತಿಯ ಬಗ್ಗೆ ನಮ್ಮ ಪುರಾಣಕಾರರು ಕೊಟ್ಟ ತೀರ್ಪು ಇದು. ಅದೇ ಕಾವ್ಯದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರಾದಾಗ, ನಿರಪರಾಧಿಗಳಾದ ಸೈನಿಕರು ಸಾಯಬಾರದೆಂದು ಮಂತ್ರಿಗಳು ತಡೆದು, ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ತೀರ್ಮಾನಿಸಿಕೊಳ್ಳಲಿ ಎನ್ನುತ್ತಾರೆ. ಗೆದ್ದ ಬಾಹುಬಲಿ ಗೆಲುವನ್ನೇ ಬಿಟ್ಟು ನಡೆದನು.

ದಾನಿಗಳ ನಾಮಫಲಕಕ್ಕೆ ಇಡೀ ಒಂದು ಪಾರ್ಶ್ವವನ್ನು ಮೀಸಲಿಟ್ಟ ನಕ್ಷೆಯನ್ನು ನೋಡಿದಾಗ ನನಗೆ ವೃಷಭಾಚಲ ನೆನಪಾಯಿತು. ಜೀರ್ಣೋದ್ಧಾರದ ಹೊತ್ತಿಗೆ ಹಳೆಯ ಫಲಕ ಕಿತ್ತು ಹೊಸ ಫಲಕ ಹಾಕುವುದನ್ನು ನಾವೆಲ್ಲರೂ ಕಂಡವರೇ. ಖಡ್ಗದ ಮೋಹ ಮತ್ತು ಹೆಸರಿನ ಮೋಹ ಒಂದೇ ಬೇರಿನಿಂದ ಬಂದವು. ಆದ್ದರಿಂದಲೇ ಅವೆರಡೂ ಒಂದೇ ದ್ವಾರದ ಎರಡು ಕಂಬಗಳಾದವು.

ಗಂಗರ ಮಾರಸಿಂಹನ ಉದಾಹರಣೆಯನ್ನೂ ನೋಡಿ. ಅವನ ವಿಷಯದಲ್ಲಿ ಚಂದ್ರಗುಪ್ತನದರಂಥ ಸಂದೇಹಗಳಿಲ್ಲ. ಚಂದ್ರಗಿರಿಯ ಕೂಗೆ ಬ್ರಹ್ಮದೇವ ಕಂಬದ ಶಾಸನವೇ ಇದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಅವನು ಮಾಡಿದ ಯುದ್ಧಗಳನ್ನು, ನೊಳಂಬಕುಲಾಂತಕನೆಂಬ ಬಿರುದಿಗೆ ಕಾರಣವಾದ ಗೆಲುವನ್ನು ಅದು ವಿಸ್ತಾರವಾಗಿ ವರ್ಣಿಸುತ್ತದೆ. ಕೊನೆಯಲ್ಲಿ ಅವನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವನ್ನಾಚರಿಸಿ ಸಮಾಧಿ ಹೊಂದಿದ ಮಾತು ಬರುತ್ತದೆ. ಇದು ಕ್ರಿ.ಶ. 974ರ ಸುಮಾರಿನ ಘಟನೆ. ಬದುಕೆಲ್ಲ ಮಾಡಿದ ಯುದ್ಧಗಳು ಇಂದು ಚರಿತ್ರೆಯ ಪರೀಕ್ಷೆಗೆ ಓದುವವರಿಗಷ್ಟೇ ಬೇಕು. ಆ ಮೂರು ದಿನಗಳಿಗಾಗಿ ಶ್ರಾವಕರು ಅವನನ್ನು ನೆನೆಯುತ್ತಾರೆ.

ನಮ್ಮ ಕಾರ್ಕಳವೇ ಸಾಕ್ಷಿ

ದೂರದ ಉದಾಹರಣೆಗಳೇಕೆ? ಕಾರ್ಕಳದ ಚತುರ್ಮುಖ ಬಸದಿಯ ನಾಲ್ಕು ದಿಕ್ಕಿನ ಬಾಗಿಲುಗಳಲ್ಲಿ ಯಾವುದನ್ನು ಹೊಕ್ಕರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನವಾಗುತ್ತದೆ. 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಬಸದಿಯಿದು. ಈ ಅರನಾಥರು ಯಾರು? ಹನ್ನೆರಡು ಚಕ್ರವರ್ತಿಗಳಲ್ಲಿ ಏಳನೆಯವರು. ಶಾಂತಿನಾಥ, ಕುಂಥುನಾಥರಂತೆ ಅವರೂ ಷಟ್ಖಂಡಗಳನ್ನು ಆಳಿದವರು, ಚಕ್ರರತ್ನದ ಒಡೆಯರು. ಚಂದ್ರಗುಪ್ತನ ಸಾಮ್ರಾಜ್ಯ ಅದರ ಮುಂದೆ ಏನೂ ಅಲ್ಲ. ಅಂಥ ಚಕ್ರವರ್ತಿಯ ಬಿಂಬವನ್ನು ಮಾಡಿಸುವಾಗ ಭೈರರಸನು ಚಕ್ರವನ್ನು ಕೊಡಲಿಲ್ಲ, ಕಿರೀಟವನ್ನು ತೊಡಿಸಲಿಲ್ಲ. ಅವನು ಸ್ವತಃ ಅರಸ; ಕತ್ತಿಯ ಬೆಲೆ ತಿಳಿದವನು. ಬಸದಿಯೊಳಗೆ ಯಾವುದು ಸಲ್ಲುತ್ತದೆಂಬುದೂ ಅವನಿಗೆ ತಿಳಿದಿತ್ತು.

ಅದಕ್ಕೂ ಒಂದೂವರೆ ಶತಮಾನದ ಹಿಂದೆ, 1432ರ ಫೆಬ್ರವರಿ 13ರಂದು, ವೀರಪಾಂಡ್ಯನು ಗುರು ಲಲಿತಕೀರ್ತಿಗಳ ಉಪದೇಶದಂತೆ ಎದುರಿನ ಬಂಡೆಯ ಗುಡ್ಡದ ಮೇಲೆ 42 ಅಡಿಯ ಬಾಹುಬಲಿಯನ್ನು ಪ್ರತಿಷ್ಠಾಪಿಸಿದನು. ಹೆಸರಿನಲ್ಲಿಯೇ ವೀರನಾದವನು ರಾಜ್ಯವನ್ನು ಬಿಟ್ಟವನ ಮೂರ್ತಿಯನ್ನು ನಿಲ್ಲಿಸಿದ. 2015ರ ಮಹಾಮಸ್ತಕಾಭಿಷೇಕದಲ್ಲಿ ಹಾಲು ಅರಸಿನಗಳು ಹರಿದದ್ದು ಆ ಬಿಟ್ಟವನ ಮೇಲೆ.

“ಬ್ರಹ್ಮದೇವನ ಕೈಯಲ್ಲಿ ಆಯುಧವಿಲ್ಲವೇ? ಯಕ್ಷಯಕ್ಷಿಯರ ಕೈಯಲ್ಲಿಲ್ಲವೇ?” ಎಂದು ಕೇಳುವವರಿದ್ದಾರೆ. ಇದೆ. ಆದರೆ ಯಕ್ಷನು ಜಿನಶಾಸನದ ಸೇವಕ, ಕ್ಷೇತ್ರದ ಕಾವಲುಗಾರ. ಅವನ ಸ್ಥಾನ ಜಿನನ ಸೇವೆಯಲ್ಲಿದೆ. ಕಾರ್ಕಳದಲ್ಲಿ 1436ರ ಬ್ರಹ್ಮದೇವನ ಕಂಬ ಗೊಮ್ಮಟನ ಮುಂದಿದೆ. ಗೊಮ್ಮಟನ ಪಕ್ಕಕ್ಕೆ ಸಮಾನವಾಗಿ ಏರಿಲ್ಲ. ದೇಶಗಳನ್ನು ಗೆದ್ದನೆಂದು ಯಾರೂ ಬ್ರಹ್ಮದೇವನನ್ನು ಕೊಂಡಾಡುವುದಿಲ್ಲ. ಮನುಷ್ಯನಾದ ಅರಸನೊಬ್ಬನನ್ನು ಅವನ ಗೆಲುವಿಗಾಗಿಯೇ ಬಾಗಿಲಲ್ಲಿ ನಿಲ್ಲಿಸಿ, ಒಳಗೆ ಹೋಗುವ ಮಗು ಮೊದಲು ಅವನನ್ನು ನೋಡಲಿ ಎನ್ನುವುದು ಬೇರೆಯೇ ಮಾತು.

ಯುವಕರಲ್ಲಿ ಸ್ವಾಭಿಮಾನ ಬೆಳೆಯಬೇಕೆಂಬ ಹಿರಿಯರ ಕಳಕಳಿಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಹೊರಗಿನವರ ಲೇವಡಿಗೆ ನಮ್ಮ ಮಕ್ಕಳು ಕುಗ್ಗಬಾರದು. ಸೇನೆಗೆ ಸೇರಿ ನಾಡನ್ನು ಕಾಯುವ ಶ್ರಾವಕನಿಗೆ ನಮ್ಮ ಸಮಾಜ ಗೌರವ ಸಲ್ಲಿಸಬೇಕು. ಆ ಕರ್ತವ್ಯದ ಭಾರ ಅವನಿಗೇ ಗೊತ್ತು. ಆದರೆ ಎರವಲು ತಂದ ಖಡ್ಗದಿಂದ ಬೆಳೆಯುವ ಅಭಿಮಾನ ಇನ್ನೂ ದೊಡ್ಡ ಖಡ್ಗ ಕಂಡ ಕೂಡಲೇ ಬಾಗುತ್ತದೆ. ಆಗ ನಮ್ಮ ಮಕ್ಕಳ ಬಳಿ ಏನು ಉಳಿದೀತು?

ಆದ್ದರಿಂದ ಮಹಾದ್ವಾರಗಳನ್ನು ಕಟ್ಟಿಸುವ ಮೊಕ್ತೇಸರರಲ್ಲಿ, ಟ್ರಸ್ಟುಗಳ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಚಂದ್ರಗುಪ್ತನನ್ನು ತೋರಿಸಬೇಕೆಂದಿದ್ದರೆ ಕಿರೀಟ ಇಳಿಸಿ ಗುರುವಿನ ಹಿಂದೆ ನಡೆಯುವವನನ್ನು ತೋರಿಸಿ. ಕೆಳಗೆ ‘ಪರಂಪರೆಯಂತೆ’ ಎಂಬ ಒಂದು ಪದವನ್ನು ಸೇರಿಸಿ. ಅದಕ್ಕೆ ಒಳ್ಳೆಯ ಶಿಲ್ಪಿ ದೊರಕದಿದ್ದರೆ ಒಂದು ಜೊತೆ ಪಾದಗಳನ್ನು ಕೆತ್ತಿಸಿದರೂ ಸಾಕು. ದಾನಿಗಳ ಹೆಸರನ್ನು ಲೆಕ್ಕದ ಪುಸ್ತಕದಲ್ಲಿ ಬರೆದು, ಆ ಜಾಗದಲ್ಲಿ ದಿಗ್ವ್ರತದ ಅರ್ಥವನ್ನು ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆಸಿ. ಹೀಗೆ ಮಾಡಿದರೆ ಖರ್ಚೂ ಕಡಿಮೆ, ಪಾಪವೂ ಕಡಿಮೆ.

ನಮ್ಮ ಬಸದಿಗಳಲ್ಲಿ ಖಡ್ಗವೇ ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಕಾಯೋತ್ಸರ್ಗದಲ್ಲಿ ನೆಟ್ಟಗೆ ನಿಂತ ಜಿನಬಿಂಬದ ಭಂಗಿಗೆ ನಮ್ಮ ಪೂರ್ವಿಕರು ಇಟ್ಟ ಹೆಸರೇ ಖಡ್ಗಾಸನ. ಕಾರ್ಕಳದ ಬೆಟ್ಟದ ಮೇಲೆ ಅದು ಆರು ಶತಮಾನಗಳ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿದೆ. ಅದರಿಂದ ಇದುವರೆಗೆ ಯಾವ ಜೀವಿಗೂ ಗಾಯವಾಗಿಲ್ಲ.

ಜೈ ಜಿನೇಂದ್ರ.